ಕಾಲರಾ: ಮೊದಲು ಕೇಳಬೇಕಾದದ್ದು ನೀರಿನ ವಿಚಾರ

ಅಕ್ಕಚ್ಚಿನಂತೆ ಬೆಳ್ಳಗಿನ ಭೇದಿಯಾಗುತ್ತಿರುವ ರೋಗಿ ಬಂದಾಗ, ಡ್ರಿಪ್ ಏರಿಸುತ್ತಲೇ ನಾನು ಕೇಳುವ ಮೊದಲ ಪ್ರಶ್ನೆ, ಮನೆಗೆ ಬರುವ ನೀರು ಕಾವೇರಿಯದೋ, ಬೋರ್‌ವೆಲ್‌ದೋ, ಟ್ಯಾಂಕರ್‌ದೋ ಎಂಬುದು. ಊಟದ ವಿಚಾರ ಆಮೇಲೆ.

ಬಂಗಾಳದ ಜೆಸ್ಸೋರ್‌ನಲ್ಲಿ 1817ರಲ್ಲಿ ಭುಗಿಲೆದ್ದ ಕಾಲರಾ, ಸೈನ್ಯದ ತುಕಡಿಗಳು, ವ್ಯಾಪಾರದ ಹಡಗುಗಳು ಮತ್ತು ಯಾತ್ರಿಕರ ಜೊತೆ ಊರೂರು ದಾಟಿ, 1832ರ ಹೊತ್ತಿಗೆ ಲಂಡನ್, ಪ್ಯಾರಿಸ್, ನ್ಯೂಯಾರ್ಕ್‌ಗಳನ್ನೂ ಮುಟ್ಟಿತ್ತು. ಕೆಟ್ಟ ಗಾಳಿಯೇ ಕಾರಣವೆಂದು ವೈದ್ಯರೂ ನಂಬಿದ್ದ ಆ ಕಾಲದಲ್ಲಿ, ಲಂಡನ್ನಿನ ವೈದ್ಯ ಜಾನ್ ಸ್ನೋ 1854ರಲ್ಲಿ ಬ್ರಾಡ್ ಸ್ಟ್ರೀಟಿನ ಸುತ್ತ ಸಂಭವಿಸಿದ ಸಾವುಗಳನ್ನು ಮನೆಮನೆಯಾಗಿ ವಿಚಾರಿಸಿ, ಅವರೆಲ್ಲ ಯಾವ ಪಂಪಿನ ನೀರು ಕುಡಿದಿದ್ದರೆಂದು ಹುಡುಕಿದರು. ಆ ಪಂಪಿನ ಹಿಡಿಯನ್ನು ಕಳಚಿಸಿದ್ದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ವಿಚಾರಣೆಯ ತಾಳ್ಮೆ.

ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ 1884ರಲ್ಲಿ ಕಲ್ಕತ್ತೆಯಲ್ಲಿ ರೋಗಾಣುವನ್ನು ಖಚಿತಪಡಿಸಿದರೂ, ಅದು ಕೊಲ್ಲುವ ಬಗೆ ತಿಳಿಯಲು ಇನ್ನೂ 75 ವರ್ಷ ಬೇಕಾಯಿತು. 1959ರಲ್ಲಿ ಅದೇ ಊರಿನ ಶಂಭುನಾಥ ಡೇ, ಮೊಲದ ಕರುಳಿನ ಮೇಲೆ ಪ್ರಯೋಗ ನಡೆಸಿ, ರೋಗಾಣು ಸ್ರವಿಸುವ ವಿಷವೇ ದೇಹದ ನೀರನ್ನು ಕರುಳಿಗೆ ಸುರಿಸುತ್ತದೆಂದು ತೋರಿಸಿದರು. ಇಂಥವರಿಗೆ ಬದುಕಿದ್ದಾಗ ತಕ್ಕ ಗೌರವ ದೊರೆಯಲಿಲ್ಲವೆಂಬ ನೋವು ನನಗೆ ಇಂದಿಗೂ ಇದೆ. ಆ ವಿಷವಿದ್ದಾಗಲೂ ಕರುಳು ಸಕ್ಕರೆಯೊಡನೆ ಉಪ್ಪನ್ನೂ ನೀರನ್ನೂ ಹೀರಿಕೊಳ್ಳಬಲ್ಲದು. ಸಕ್ಕರೆ, ಉಪ್ಪು ಬೆರೆಸಿ ಕುಡಿಸುವ ನೀರು, ಅಂದರೆ ಓಆರ್‌ಎಸ್, ನಿಂತಿರುವುದೇ ಇದರ ಮೇಲೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದಾಗ, ವೈದ್ಯ ದಿಲೀಪ್ ಮಹಾಲನಬಿಸ್ ಅದನ್ನೇ ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

1961ರಲ್ಲಿ ಇಂಡೋನೇಷ್ಯಾದಿಂದ ಹೊರಟ ಕಾಲರಾದ ಏಳನೆಯ ಜಾಗತಿಕ ಪಿಡುಗು ಇನ್ನೂ ಮುಗಿದಿಲ್ಲ. ನೀರಿಗಾಗಿ ಪರದಾಡಿದ 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲೂ ಕಾಲರಾ ಕಾಣಿಸಿಕೊಂಡಿತು. ದಿನ ಬಿಟ್ಟು ದಿನ ನೀರು ಬಿಡುವ ಬಡಾವಣೆಗಳಲ್ಲಿ, ಪೈಪು ಖಾಲಿಯಾದಾಗ ಒಳಗಿನ ಒತ್ತಡ ಕುಸಿದು, ಪಕ್ಕದಲ್ಲೇ ಸೋರುವ ಒಳಚರಂಡಿಯ ನೀರು ಬಿರುಕುಗಳ ಮೂಲಕ ಒಳಗೆ ನುಸುಳುತ್ತದೆ. ಮರುದಿನ ನಲ್ಲಿ ಬಿಟ್ಟಾಗ ಅದು ನೇರವಾಗಿ ಮನೆಯ ನೆಲದಡಿಯ ತೊಟ್ಟಿಗೆ (ಸಂಪ್) ಬೀಳುತ್ತದೆ. ಆದ್ದರಿಂದ ಒಂದೇ ಬೀದಿಯ ಇಬ್ಬರು ಹೀಗೆ ಬಂದರೆ, ಪ್ರಯೋಗಾಲಯದ ವರದಿಗೆ ಕಾಯದೆ ಆರೋಗ್ಯ ಕಚೇರಿಗೆ ತಿಳಿಸುತ್ತೇನೆ. ಮನೆಯವರಿಗೆ ಹೇಳುವುದಿಷ್ಟು: ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ, ಭೇದಿ ಶುರುವಾದ ಕೂಡಲೇ, ಆಸ್ಪತ್ರೆಗೆ ಹೊರಡುವ ದಾರಿಯಲ್ಲೂ, ಓಆರ್‌ಎಸ್ ಕುಡಿಸುತ್ತಿರಿ, ಪೊಟ್ಟಣ ಸಿಗದಿದ್ದರೆ 1 ಲೀಟರ್ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.