ಭುಜದ ಚೀಲ ಕುಗ್ಗಿದಾಗ

ಭುಜ ಹಿಡಿದುಕೊಂಡು ಕೈ ಮೇಲೆತ್ತಲಾಗದ ಸ್ಥಿತಿ ಬಂದವರಿಗೆ ನಮ್ಮಲ್ಲಿ ಸಿಗುವ ವಿವರಣೆಗಳು ಬಹುತೇಕ ಒಂದೇ ಬಗೆಯವು: ವಾಯು ಸೇರಿಕೊಂಡಿದೆ, ಮೂಳೆ ಸವೆದಿದೆ, ಇಲ್ಲವೇ ನರ ಹಿಡಿದಿದೆ. ಇವೆಲ್ಲಕ್ಕೂ ಸೂಚಿಸುವ ಪರಿಹಾರವೂ ಒಂದೇ, ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸಿ, ನೋವನ್ನು ಹಲ್ಲು ಕಚ್ಚಿ ಸಹಿಸಿಕೊಂಡು, ಕೈಯನ್ನು ಎಳೆದೆಳೆದು ಬಿಡಿಸಿಕೊಳ್ಳುವುದು. ಭುಜದ ಕೀಲು ಬಿಗಿದುಕೊಳ್ಳುವ, ವೈದ್ಯರು ಫ್ರೋಝನ್ ಶೋಲ್ಡರ್ ಎನ್ನುವ ಕಾಯಿಲೆಗೆ ಈ ವಿವರಣೆಗಳಲ್ಲಿ ಯಾವುದೂ ಹೊಂದುವುದಿಲ್ಲ. ವಿವರಣೆ ತಪ್ಪಾಗಿದ್ದರೆ ಅಷ್ಟೇನೂ ಹಾನಿಯಿಲ್ಲ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಆ ವಿವರಣೆಯನ್ನು ನಂಬಿ ಮಾಡುವ ಬಲಪ್ರಯೋಗವು, ಭುಜ ಅದನ್ನು ಸ್ವಲ್ಪವೂ ತಾಳಿಕೊಳ್ಳಲಾರದ ತಿಂಗಳುಗಳಲ್ಲಿಯೇ ನಡೆಯುತ್ತದೆ ಎಂಬುದು ಕಳವಳದ ಸಂಗತಿ. ಯಾವ ಚಿಕಿತ್ಸೆಯನ್ನು ಯಾವ ಹಂತದಲ್ಲಿ ಮಾಡಬೇಕು ಎಂಬುದೇ ಈ ಕಾಯಿಲೆಯಲ್ಲಿ ಮುಖ್ಯ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಭುಜದ ಒಳಗೆ ನಡೆಯುವ ಒಂದು ವಿಚಿತ್ರ ಪ್ರಕ್ರಿಯೆಯಲ್ಲಿದೆ.

ಭುಜದ ಕೀಲಿನಲ್ಲಿ ತೋಳಿನ ಮೂಳೆಯ ದೊಡ್ಡ ಗುಂಡು ತಲೆಯು ಬಹಳ ಆಳವಿಲ್ಲದ ಒಂದು ಸಣ್ಣ ಗುಳಿಗೆ ಒರಗಿಕೊಂಡಿರುತ್ತದೆ. ಇದನ್ನು ಸುತ್ತಲೂ ಆವರಿಸಿರುವ ಕೀಲುಚೀಲವು ದೇಹದ ಇತರ ಕೀಲುಗಳಿಗೆ ಹೋಲಿಸಿದರೆ ತುಂಬ ಸಡಿಲ. ಕೈ ಇಳಿಬಿಟ್ಟಾಗ ಕಂಕುಳ ಕಡೆ ಈ ಚೀಲದ ಒಂದು ಭಾಗ ಮಡಿಕೆಯಾಗಿ ಉಳಿಯುತ್ತದೆ, ಕೈ ಎತ್ತಿದಾಗ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಕಂಕುಳಲ್ಲಿ ಬಟ್ಟೆ ಕಡಿಮೆ ಬಿಟ್ಟು ಹೊಲಿದ ರವಿಕೆ ತೊಟ್ಟವರು ಕೈ ಕೆಳಗಿದ್ದಷ್ಟು ಹೊತ್ತು ಆರಾಮವಾಗಿದ್ದು, ಮೇಲಿನ ಕಪಾಟಿನ ಡಬ್ಬಿಗೆ ಕೈ ಚಾಚಿದೊಡನೆ ಹೊಲಿಗೆ ಜಗ್ಗುವುದನ್ನು ಬಲ್ಲರು. ಫ್ರೋಝನ್ ಶೋಲ್ಡರ್‌ನಲ್ಲಿ ಆಗುವುದೂ ಅಂಥದೇ. ಮೂಳೆ ಚೆನ್ನಾಗಿರುತ್ತದೆ, ಮೃದ್ವಸ್ಥಿ ಚೆನ್ನಾಗಿರುತ್ತದೆ, ಸ್ನಾಯುಗಳೂ ಚೆನ್ನಾಗಿರುತ್ತವೆ. ಕುಗ್ಗಿರುವುದು ಚೀಲ ಮಾತ್ರ. ಆರೋಗ್ಯವಂತ ಭುಜದ ಚೀಲದೊಳಗೆ ಸುಮಾರು 15ರಿಂದ 30 ಮಿಲಿಲೀಟರ್ ದ್ರವ ಹಿಡಿಸಬಹುದಾದರೆ, ಬಿಗಿದ ಭುಜದ ಚೀಲದಲ್ಲಿ 10 ಮಿಲಿಲೀಟರ್ ಕೂಡ ಹಿಡಿಸುವುದು ಕಷ್ಟ. ಎಕ್ಸ್-ರೇಯಲ್ಲಿ ಏನೂ ಕಾಣದಿರುವುದಕ್ಕೆ ಕಾರಣವೂ ಇದೇ. ‘ಎಕ್ಸ್-ರೇ ನಾರ್ಮಲ್’ ಎಂಬ ವರದಿ ಬಂದ ಮಾತ್ರಕ್ಕೆ ನೋವು ಮನಸ್ಸಿನದೆಂದು ಮನೆಯವರು ತೀರ್ಮಾನಿಸಬಾರದು.

ಚೀಲ ಏಕೆ ಕುಗ್ಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಉಳಿದೆಲ್ಲವೂ ಅದರಿಂದಲೇ ಅರ್ಥವಾಗುತ್ತದೆ. ಚರ್ಮಕ್ಕೆ ಗಾಯವಾದರೆ ಮೊದಲು ಉರಿಯೂತ ಬರುತ್ತದೆ, ಬಳಿಕ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳು ಅಲ್ಲಿಗೆ ಬಂದು ಕೊಲ್ಯಾಜೆನ್ ಎಂಬ ನಾರಿನಂಥ ಪ್ರೋಟೀನನ್ನು ಸುರಿಯುತ್ತವೆ. ಅವುಗಳಲ್ಲಿ ಕೆಲವು ಮಯೊಫೈಬ್ರೊಬ್ಲಾಸ್ಟ್‌ಗಳಾಗಿ ಮಾರ್ಪಟ್ಟು, ಸ್ನಾಯುವಿನಂತೆ ಸಂಕುಚಿಸಬಲ್ಲ ಶಕ್ತಿ ಪಡೆದು, ಗಾಯದ ಅಂಚುಗಳನ್ನು ಒಂದರತ್ತ ಒಂದನ್ನು ಸೆಳೆಯುತ್ತವೆ. ಗಾಯ ಮುಚ್ಚಿದ ಮೇಲೆ ಈ ಕೋಶಗಳು ಸಾಯಬೇಕು ಮತ್ತು ಹೆಚ್ಚಾದ ಕೊಲ್ಯಾಜೆನ್ ಕರಗಬೇಕು. ಕರಗಿಸುವ ಕೆಲಸವನ್ನು ಮೆಟಲೊಪ್ರೋಟಿನೇಸ್ ಎಂಬ ಕಿಣ್ವಗಳು ಮಾಡುತ್ತವೆ. ಫ್ರೋಝನ್ ಶೋಲ್ಡರ್‌ನಲ್ಲಿ ಹೆಚ್ಚಿನವರಿಗೆ ಯಾವ ಗಾಯವೂ ಆಗಿರುವುದಿಲ್ಲ. ಆದರೂ ಟಿಜಿಎಫ್-ಬೀಟಾ ಮುಂತಾದ ಸಂದೇಶಕಣಗಳ ಪ್ರಚೋದನೆಯಿಂದ ಕೀಲುಚೀಲದಲ್ಲಿ ಈ ಇಡೀ ದುರಸ್ತಿ ಕಾರ್ಯ ಆರಂಭವಾಗುತ್ತದೆ, ಹಾಗೂ ನಿಲ್ಲಬೇಕಾದ ಹೊತ್ತಿಗೆ ನಿಲ್ಲುವುದಿಲ್ಲ. 1995ರಲ್ಲಿ ಬಂಕರ್ ಮತ್ತು ಆಂಥನಿ ಎಂಬ ಬ್ರಿಟಿಷ್ ವೈದ್ಯರು ಬಿಗಿದ ಭುಜಗಳ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಇದೇ ಕೋಶಗಳು ಒತ್ತೊತ್ತಾಗಿ ತುಂಬಿರುವುದನ್ನು ತೋರಿಸಿದರು. ಅಂಗೈಯ ಚರ್ಮದಡಿ ಗಂಟುಕಟ್ಟಿ ಬೆರಳುಗಳನ್ನು ಮಡಚಿಸಿಬಿಡುವ ಡುಪ್ಯುಟ್ರಾನ್ ಕಾಯಿಲೆಯಲ್ಲಿ ಕಾಣುವ ಚಿತ್ರಕ್ಕೆ ಅದು ಬಹಳ ಹತ್ತಿರವಾಗಿತ್ತು.

ಇದಕ್ಕೆ ಅತ್ಯಂತ ಕುತೂಹಲಕರವಾದ ಪುರಾವೆ ಬಂದದ್ದು ಕ್ಯಾನ್ಸರ್ ಸಂಶೋಧನೆಯಿಂದ. ಗೆಡ್ಡೆಯ ಕೋಶಗಳು ಸುತ್ತಲಿನ ಅಂಗಾಂಶವನ್ನು ಕರಗಿಸಿಕೊಂಡು ಹರಡಲು ಮೆಟಲೊಪ್ರೋಟಿನೇಸ್ ಕಿಣ್ವಗಳನ್ನು ಬಳಸುತ್ತವೆ. ಆ ಕಿಣ್ವಗಳನ್ನೇ ತಡೆದರೆ ಕ್ಯಾನ್ಸರ್ ಹರಡುವುದು ನಿಲ್ಲಬಹುದೆಂಬ ಆಲೋಚನೆಯಿಂದ 1990ರ ದಶಕದಲ್ಲಿ ಮಾರಿಮಾಸ್ಟಾಟ್ ಎಂಬ ಔಷಧವನ್ನು ಪ್ರಯೋಗಿಸಲಾಯಿತು. ಜಠರದ ಕ್ಯಾನ್ಸರ್ ಇದ್ದು ಈ ಔಷಧ ಪಡೆದವರಲ್ಲಿ ಕೆಲವರಿಗೆ ಭುಜಗಳು ಬಿಗಿದವು, ಅಂಗೈಯಲ್ಲಿ ಡುಪ್ಯುಟ್ರಾನ್ ಗಂಟುಗಳು ಮೂಡಿದವು ಎಂದು 1998ರಲ್ಲಿ ವರದಿಯಾಯಿತು. ಕೊಲ್ಯಾಜೆನ್ ಕರಗಿಸುವ ಕೆಲಸ ನಿಂತರೆ ಭುಜ ಬಿಗಿಯುತ್ತದೆ ಎಂಬುದನ್ನು ಮನುಷ್ಯರಲ್ಲಿ ಇಷ್ಟು ನೇರವಾಗಿ ತೋರಿಸುವ ಪ್ರಯೋಗವನ್ನು ಯಾರೂ ಉದ್ದೇಶಪೂರ್ವಕವಾಗಿ ಮಾಡುತ್ತಿರಲಿಲ್ಲ. ಕಟ್ಟುವ ಕೆಲಸವೂ ಕೆಡವುವ ಕೆಲಸವೂ ಸಮತೋಲದಲ್ಲಿರುವವರೆಗೆ ಮಾತ್ರ ಕೀಲು ಸಡಿಲವಾಗಿರುತ್ತದೆ.

ಈ ಸಮತೋಲವನ್ನು ಕೆಡಿಸುವ ಕಾರಣಗಳಲ್ಲಿ ಮೊದಲನೆಯದು ಸಕ್ಕರೆ ಕಾಯಿಲೆ. ಜನಸಾಮಾನ್ಯರಲ್ಲಿ ಶೇ 2ರಿಂದ 5ರಷ್ಟು ಮಂದಿಗೆ ಬರಬಹುದಾದ ಫ್ರೋಝನ್ ಶೋಲ್ಡರ್, ಮಧುಮೇಹಿಗಳಲ್ಲಿ ಹತ್ತಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಬರುತ್ತದೆ, ಬಂದರೆ ಹೆಚ್ಚು ಕಾಲ ಕಾಡುತ್ತದೆ. ರಕ್ತದಲ್ಲಿ ಹೆಚ್ಚಾದ ಗ್ಲುಕೋಸ್ ಯಾವ ಕಿಣ್ವದ ಸಹಾಯವೂ ಇಲ್ಲದೆ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ; ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಹಿಮೋಗ್ಲೋಬಿನ್‌ಗೆ ಹೀಗೆ ಅಂಟಿದ ಸಕ್ಕರೆಯನ್ನೇ. ಕೆಂಪು ರಕ್ತಕಣ ಸುಮಾರು ನಾಲ್ಕು ತಿಂಗಳಲ್ಲಿ ಸಾಯುವುದರಿಂದ ಅಲ್ಲಿ ಹಳೆಯ ಲೆಕ್ಕ ಅಳಿಸಿಹೋಗುತ್ತದೆ. ಕೊಲ್ಯಾಜೆನ್ ಹಾಗಲ್ಲ, ಅದು ವರ್ಷಗಟ್ಟಲೆ ಉಳಿಯುವ ಪ್ರೋಟೀನು. ಅಂಟಿದ ಸಕ್ಕರೆ ನಿಧಾನವಾಗಿ ಬದಲಾಗುತ್ತ ಪಕ್ಕಪಕ್ಕದ ಎಳೆಗಳನ್ನು ಅಡ್ಡಲಾಗಿ ಬೆಸೆದುಬಿಡುತ್ತದೆ, ಮತ್ತು ಹೀಗೆ ಬೆಸೆದ ಎಳೆಗಳು ಬಿರುಸಾಗುತ್ತವೆ, ಕಿಣ್ವಗಳಿಗೂ ಸುಲಭವಾಗಿ ಕರಗುವುದಿಲ್ಲ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ಅಂದಾಜಿಸಿದೆ. ಪಾದ, ಕಣ್ಣು, ಮೂತ್ರಪಿಂಡಗಳ ಬಗ್ಗೆ ಅವರಿಗೆ ಎಚ್ಚರಿಕೆ ಹೇಳುವ ನಾವು ಭುಜದ ಬಗ್ಗೆ ಏನೂ ಹೇಳದಿರುವುದು ಸರಿಯಲ್ಲ. ಸಕ್ಕರೆ ಕಾಯಿಲೆ ಇದೆಯೆಂದೇ ತಿಳಿಯದ ಕೆಲವರಿಗೆ ಭುಜದ ಬಿಗಿತವೇ ಮೊದಲ ಸುಳಿವಾಗಬಹುದು. ಆದ್ದರಿಂದ ಭುಜ ಬಿಗಿದವರು ರಕ್ತದ ಸಕ್ಕರೆಯನ್ನೂ, ಈ ಕಾಯಿಲೆಯೊಡನೆ ನಂಟಿರುವ ಥೈರಾಯ್ಡನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಕೈ ಮುರಿದು ಅಥವಾ ಶಸ್ತ್ರಚಿಕಿತ್ಸೆಯಾಗಿ ವಾರಗಟ್ಟಲೆ ತೋಳನ್ನು ಅಲುಗಿಸದೆ ಇಟ್ಟವರಿಗೂ ಇದು ಬರಬಹುದು. ವಯಸ್ಸಿನ ಮಟ್ಟಿಗೆ ಹೇಳುವುದಾದರೆ ಹೆಚ್ಚಿನವರು 40ರಿಂದ 60ರ ನಡುವಿನವರು, ಅವರಲ್ಲಿ ಮಹಿಳೆಯರ ಸಂಖ್ಯೆ ಸ್ವಲ್ಪ ಹೆಚ್ಚು.

ಭುಜನೋವುಗಳೆಲ್ಲ ಫ್ರೋಝನ್ ಶೋಲ್ಡರ್ ಅಲ್ಲ. ಇದನ್ನು ಗುರುತಿಸುವ ಪರೀಕ್ಷೆ ಆಶ್ಚರ್ಯವಾಗುವಷ್ಟು ಸರಳ: ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಮೊಣಕೈಯಲ್ಲಿ ಕೈಯನ್ನು ಲಂಬಕೋನಕ್ಕೆ ಮಡಿಸಿ, ಮುಂಗೈಯನ್ನು ಹೊರಮುಖವಾಗಿ ತಿರುಗಿಸಬೇಕು. ಆರೋಗ್ಯವಂತ ಭುಜ ಸಲೀಸಾಗಿ ಹೊರಳುತ್ತದೆ, ಬಿಗಿದ ಭುಜ ಆರಂಭದಲ್ಲೇ ನಿಂತುಬಿಡುತ್ತದೆ. ಇನ್ನೊಬ್ಬರು ಮೆಲ್ಲಗೆ ತಿರುಗಿಸಲು ಹೋದರೂ ಅದು ಅಲ್ಲಿಯೇ ನಿಲ್ಲುತ್ತದೆ ಎಂಬುದು ಮುಖ್ಯ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಹರಿದಿದ್ದರೆ ರೋಗಿಗೆ ತಾನಾಗಿ ಕೈ ಎತ್ತಲು ಆಗುವುದಿಲ್ಲ, ಆದರೆ ಇನ್ನೊಬ್ಬರು ಎತ್ತಿದರೆ ಕೈ ಮೇಲೆ ಹೋಗುತ್ತದೆ. ಚೀಲ ಕುಗ್ಗಿದ್ದರೆ ಯಾರು ಎತ್ತಿದರೂ ಹೋಗುವುದಿಲ್ಲ. ಸಂಧಿವಾತ ಮತ್ತು ಹಿಂದಕ್ಕೆ ಜಾರಿದ ಕೀಲು ಕೂಡ ಇದೇ ಬಗೆಯ ಬಿಗಿತ ತರುವುದರಿಂದ ಒಂದು ಎಕ್ಸ್-ರೇ ಬೇಕೇ ಬೇಕು. ಎಂಆರ್‌ಐ ಎಲ್ಲರಿಗೂ ಬೇಕಿಲ್ಲ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು: ಎಡಭುಜದ ನೋವು ಹಠಾತ್ತಾಗಿ ಬಂದು, ಜೊತೆಗೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಇದ್ದರೆ ಅದು ಹೃದಯದ್ದಿರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇಷ್ಟು ಸ್ಪಷ್ಟವಾದ ಚಿತ್ರ ಸಿಗಲು ವೈದ್ಯಲೋಕಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. 1872ರಲ್ಲಿ ಪ್ಯಾರಿಸ್ಸಿನ ಡುಪ್ಲೇ ಇದನ್ನು ಕೀಲಿನ ಹೊರಗಿನ ಅಂಗಾಂಶಗಳ ಉರಿಯೂತವೆಂದು ವರ್ಣಿಸಿದರು. 1934ರಲ್ಲಿ ಫ್ರೋಝನ್ ಶೋಲ್ಡರ್ ಎಂಬ ಹೆಸರು ಕೊಟ್ಟವರು ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್. ಈ ಕಾಯಿಲೆಯನ್ನು ವ್ಯಾಖ್ಯಾನಿಸುವುದೂ ಕಷ್ಟ, ಗುಣಪಡಿಸುವುದೂ ಕಷ್ಟ, ವಿವರಿಸುವುದೂ ಕಷ್ಟ ಎಂದು ಅವರು ಪ್ರಾಮಾಣಿಕವಾಗಿ ಬರೆದರು. ಆದರೆ ಎಷ್ಟೇ ಹಟಮಾರಿಯಾಗಿದ್ದರೂ ಚಿಕಿತ್ಸೆ ಕೊಟ್ಟರೂ ಕೊಡದಿದ್ದರೂ ಸುಮಾರು ಎರಡು ವರ್ಷಗಳಲ್ಲಿ ವಾಸಿಯಾಗುತ್ತದೆ ಎಂದೂ ಬರೆದರು, ಮತ್ತು ಆ ಮಾತು ದಶಕಗಟ್ಟಲೆ ಪಠ್ಯಪುಸ್ತಕಗಳಲ್ಲಿ ಉಳಿದುಬಿಟ್ಟಿತು. ಪ್ರತಿ ರೋಗಿಯನ್ನೂ ವರ್ಷಗಟ್ಟಲೆ ಹಿಂಬಾಲಿಸಿ ಅಂತಿಮ ಫಲಿತಾಂಶ ಏನಾಯಿತೆಂದು ಆಸ್ಪತ್ರೆಗಳು ಬಹಿರಂಗಪಡಿಸಬೇಕೆಂದು ಜೀವನವಿಡೀ ಹೋರಾಡಿದವರು ಇದೇ ಕಾಡ್‌ಮನ್. ಅವರ ಮಾತಿಗೇ ಅವರ ವಿಧಾನವನ್ನು ಅನ್ವಯಿಸಿದಾಗ ಬೇರೆ ಉತ್ತರ ಬಂತು. 2008ರಲ್ಲಿ ಆಕ್ಸ್‌ಫರ್ಡ್‌ನ ವೈದ್ಯರು ಕಾಯಿಲೆ ಶುರುವಾಗಿ ಸರಾಸರಿ 4.4 ವರ್ಷಗಳಾದ ರೋಗಿಗಳನ್ನು ವಿಚಾರಿಸಿದಾಗ, ಶೇ 59ರಷ್ಟು ಭುಜಗಳು ಸಹಜ ಅಥವಾ ಸಹಜಕ್ಕೆ ಹತ್ತಿರವಾಗಿದ್ದವು. ಉಳಿದವರಲ್ಲಿ ಹೆಚ್ಚಿನವರಿಗೆ ಸಾಧಾರಣ ನೋವು ಉಳಿದಿತ್ತು, ಶೇ 6ರಷ್ಟು ಮಂದಿಗೆ ತೊಂದರೆ ತೀವ್ರವಾಗಿಯೇ ಇತ್ತು. ಚೀಲವೇ ಈ ಕಾಯಿಲೆಯ ತಾಣ ಎಂದು ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಾರೆ ಕಂಡು ಹೇಳಿದವರು 1945ರಲ್ಲಿ ಅಮೆರಿಕದ ಜೂಲಿಯಸ್ ನೆವಿಯಾಸರ್.

ಕಾಯಿಲೆಯ ನಡೆಯನ್ನು ಮೂರು ಹಂತಗಳಾಗಿ ವಿಂಗಡಿಸುವುದು ರೂಢಿ. ಮೊದಲ ಕೆಲವು ತಿಂಗಳು ನೋವಿನದೇ ರಾಜ್ಯ: ಆ ಮಗ್ಗುಲಿಗೆ ಮಲಗಲಾಗುವುದಿಲ್ಲ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದಾಗ ಚಾಲಕ ಬ್ರೇಕ್ ಒತ್ತಿದರೆ ಜೀವ ಹೋದಂತಾಗುತ್ತದೆ. ನಂತರ ನೋವು ಇಳಿಯುತ್ತದೆ, ಆದರೆ ಬಿಗಿತ ಪೂರ್ಣವಾಗುತ್ತದೆ. ತಲೆ ಬಾಚುವುದು, ಬೆನ್ನ ಹಿಂದೆ ಕೈ ಒಯ್ಯುವುದು ಆಗದು. ಕೊನೆಗೆ ತಿಂಗಳುಗಳ ಮೇಲೆ ಮೆಲ್ಲಮೆಲ್ಲನೆ ಸಡಿಲವಾಗುತ್ತದೆ. ಹೆಚ್ಚಿನವರಲ್ಲಿ ಒಟ್ಟು ಅವಧಿ ಒಂದರಿಂದ ಮೂರು ವರ್ಷ. ಮೊದಲ ಹಂತದಲ್ಲಿ ಚೀಲದೊಳಗೆ ಉರಿಯೂತವಿದ್ದು ಫೈಬ್ರೊಬ್ಲಾಸ್ಟ್‌ಗಳು ಕೆರಳಿರುತ್ತವೆ. ಎಳೆತ ಎಂಬುದೇ ಆ ಕೋಶಗಳಿಗೆ ಇನ್ನಷ್ಟು ಕೊಲ್ಯಾಜೆನ್ ಹೆಣೆಯಲು ಸಿಗುವ ಸೂಚನೆ. ಆಗ ಕೈಯನ್ನು ಬಲವಂತವಾಗಿ ಜಗ್ಗಿದರೆ ಉರಿಯುವ ಬೆಂಕಿಗೆ ಸೌದೆ ಒಡ್ಡಿದಂತೆಯೇ. ನೆದರ್ಲೆಂಡ್ಸ್‌ನಲ್ಲಿ 77 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವರಿಗೆ ನೋವಿನ ಮಿತಿ ಮೀರುವಷ್ಟು ಬಿರುಸಾದ ಫಿಸಿಯೋಥೆರಪಿ ಕೊಡಲಾಯಿತು, ಉಳಿದವರಿಗೆ ಕಾಯಿಲೆಯ ಸ್ವರೂಪ ತಿಳಿಸಿ, ನೋವಾಗದಷ್ಟು ಮಾತ್ರ ಕೈಯಾಡಿಸುವಂತೆ ಹೇಳಲಾಯಿತು. ಎರಡು ವರ್ಷಗಳ ಬಳಿಕ ಮೆತ್ತಗೆ ನಡೆದುಕೊಂಡ ಗುಂಪಿನಲ್ಲಿ ಶೇ 89ರಷ್ಟು ಮಂದಿಯ ಭುಜ ಸಹಜ ಅಥವಾ ಸಹಜಕ್ಕೆ ಹತ್ತಿರದ ಸ್ಥಿತಿಗೆ ಬಂದಿತ್ತು, ಬಿರುಸಿನ ಗುಂಪಿನಲ್ಲಿ ಶೇ 63ರಷ್ಟು ಮಂದಿಯದು ಮಾತ್ರ. ಸಣ್ಣ ಅಧ್ಯಯನವೇ, ಆದರೆ ಮೇಲೆ ಹೇಳಿದ ಕೋಶಗಳ ಕತೆಗೆ ಸರಿಯಾಗಿ ಹೊಂದುತ್ತದೆ.

ಹಾಗೆಂದು ಮೊದಲ ಹಂತದಲ್ಲಿ ಕೈ ಕಟ್ಟಿ ಕೂರಬೇಕಿಲ್ಲ. ಕೀಲಿನೊಳಕ್ಕೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಅತ್ಯಂತ ಪ್ರಯೋಜನಕಾರಿಯಾಗುವುದು ಆಗಲೇ, ಏಕೆಂದರೆ ತಗ್ಗಿಸಲು ಉರಿಯೂತ ಇರುವುದು ಆಗ. ಸ್ಟಿರಾಯ್ಡ್ ಎಂಬ ಹೆಸರು ಕೇಳಿ ಹೆದರಿ ಆರು ತಿಂಗಳು ಮುಲಾಮು, ಪಟ್ಟುಗಳಲ್ಲಿ ಕಳೆದು, ಚೀಲ ಗಡುಸಾದ ಮೇಲೆ ಒಪ್ಪಿಕೊಳ್ಳುವವರಿಗೆ ಅದರ ಲಾಭ ಕಡಿಮೆ. ಮಧುಮೇಹಿಗಳಲ್ಲಿ ಇಂಜೆಕ್ಷನ್ನಿನ ನಂತರ ಕೆಲವು ದಿನ ಸಕ್ಕರೆ ಏರುತ್ತದೆ. ಆ ದಿನಗಳಲ್ಲಿ ಮನೆಯಲ್ಲಿಯೇ ಪರೀಕ್ಷಿಸಿಕೊಂಡು ವೈದ್ಯರ ಸಲಹೆಯಂತೆ ಔಷಧ ಹೊಂದಿಸಿಕೊಂಡರೆ ಸಾಕು. ಜೊತೆಗೆ ಮುಂದಕ್ಕೆ ಬಾಗಿ ತೋಳನ್ನು ಇಳಿಬಿಟ್ಟು ಲೋಲಕದಂತೆ ಆಡಿಸುವ ವ್ಯಾಯಾಮ ಮಾಡಬಹುದು. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಕೈ ಏರಿಸುವುದು, ಎರಡೂ ಕೈಯಲ್ಲಿ ಕೋಲು ಹಿಡಿದು ಬಿಗಿದ ಕೈಯನ್ನು ಹೊರಕ್ಕೆ ತಳ್ಳುವುದು, ಬೆನ್ನ ಹಿಂದೆ ಟವೆಲ್ ಹಿಡಿದು ಎಳೆಯುವುದು, ಇವೆಲ್ಲ ನೋವು ಇಳಿದು ಬಿಗಿತ ಮಾತ್ರ ಉಳಿದ ಮೇಲೆ ಹೆಚ್ಚಿಸಬೇಕಾದವು. ವ್ಯಾಯಾಮದ ನೋವು ಸ್ವಲ್ಪ ಹೊತ್ತಿನಲ್ಲಿ ಶಮನವಾದರೆ ಸರಿ. ಅಂದಿನ ರಾತ್ರಿಯ ನಿದ್ದೆ ಕೆಡಿಸಿದರೆ ಅದು ಅತಿಯಾಯಿತೆಂದೇ ಅರ್ಥ.

ಇಷ್ಟಕ್ಕೂ ಬಗ್ಗದ ಭುಜಗಳಿಗೆ ಅರಿವಳಿಕೆ ಕೊಟ್ಟು ಕೈ ತಿರುಗಿಸಿ ಚೀಲ ಸಡಿಲಿಸುವುದು ಒಂದು ದಾರಿ, ಕೀಲಿನೊಳಕ್ಕೆ ತೂರಿಸುವ ಸಣ್ಣ ದುರ್ಬೀನಿನ ಮೂಲಕ ಚೀಲವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಇನ್ನೊಂದು. ಬ್ರಿಟನ್ನಿನ 35 ಆಸ್ಪತ್ರೆಗಳಲ್ಲಿ 503 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವು ಇವೆರಡನ್ನೂ, ಸ್ಟಿರಾಯ್ಡ್ ಇಂಜೆಕ್ಷನ್ನಿನೊಡನೆ ಕೊಟ್ಟ ಕ್ರಮಬದ್ಧ ಫಿಸಿಯೋಥೆರಪಿಯನ್ನೂ ಹೋಲಿಸಿತು. ಒಂದು ವರ್ಷದ ಕೊನೆಗೆ ಮೂರು ಗುಂಪಿನವರೂ ಸುಧಾರಿಸಿದ್ದರು, ರೋಗಿಗೆ ಅನುಭವಕ್ಕೆ ಬರುವಷ್ಟು ಸ್ಪಷ್ಟ ಮೇಲುಗೈ ಯಾವುದಕ್ಕೂ ಇರಲಿಲ್ಲ. ಗಂಭೀರ ತೊಡಕುಗಳು ಹೆಚ್ಚಾಗಿ ಕಂಡದ್ದು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ. ಆದ್ದರಿಂದ ಮೊದಲ ಭೇಟಿಯಲ್ಲಿಯೇ ಶಸ್ತ್ರಚಿಕಿತ್ಸೆ ಸೂಚಿಸಿದರೆ ಇನ್ನೊಬ್ಬ ತಜ್ಞರನ್ನು ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಒಮ್ಮೆ ಬಿಗಿದು ವಾಸಿಯಾದ ಭುಜ ಮತ್ತೆ ಬಿಗಿಯುವುದು ಅಪರೂಪ, ಆದರೆ ಕೆಲವರಿಗೆ ಕೆಲವು ವರ್ಷಗಳೊಳಗೆ ಮತ್ತೊಂದು ಭುಜಕ್ಕೆ ಬರುತ್ತದೆ, ಮಧುಮೇಹಿಗಳಿಗೆ ಇನ್ನೂ ಹೆಚ್ಚಾಗಿ. ಅಂಥವರು ಆ ಕೈಯ ಹೊರಹೊರಳಿಕೆಯನ್ನು ಆಗಾಗ ಪರೀಕ್ಷಿಸಿಕೊಳ್ಳುತ್ತಿದ್ದು, ರಾತ್ರಿ ನೋವು ಶುರುವಾದ ಮೊದಲ ವಾರಗಳಲ್ಲಿಯೇ ಮೂಳೆತಜ್ಞರನ್ನು ಕಂಡರೆ, ಇಂಜೆಕ್ಷನ್ ನಿಜವಾಗಿ ಕೆಲಸ ಮಾಡುವ ಹಂತ ಕೈತಪ್ಪುವುದಿಲ್ಲ.