ಅಪ್ಪನೋ ಅಮ್ಮನೋ ಊರು ಬಿಟ್ಟರೆ ಕಸ್ಟಡಿ ಕೇಸು ಯಾವ ಕೋರ್ಟಿಗೆ?

ಕಾನೂನು ಪರೀಕ್ಷೆಯಲ್ಲಿ ಕಸ್ಟಡಿ ಪ್ರಶ್ನೆ, ಅಂದರೆ ಅಪ್ಪ ಅಮ್ಮ ಬೇರೆಯಾದಾಗ ಮಗು ಯಾರ ಬಳಿ ಇರಬೇಕು ಅನ್ನುವ ಪ್ರಶ್ನೆ, ಕಂಡ ಕೂಡಲೇ ನಾವೆಲ್ಲ ‘ಮಗುವಿನ ಹಿತವೇ ಮುಖ್ಯ’ ಎಂದು ಬರೆಯಲು ಶುರು ಮಾಡುತ್ತೇವೆ. ಅದು ಎರಡನೇ ಹಂತ. ಆ ಕೇಸು ಕೇಳುವ ಅಧಿಕಾರ ಯಾವ ಕೋರ್ಟಿಗಿದೆ ಅನ್ನುವುದು ಮೊದಲು ತೀರ್ಮಾನ ಆಗಬೇಕು.

ಮಕ್ಕಳ ಪೋಷಕತ್ವದ ಕಾನೂನಾದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಸೆಕ್ಷನ್ 9(1) ನೋಡಿ. ಮಗು ಸಾಮಾನ್ಯವಾಗಿ ಎಲ್ಲಿ ವಾಸವಿದೆಯೋ ಆ ಜಾಗದ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹೋಗಬೇಕು. ಫ್ಯಾಮಿಲಿ ಕೋರ್ಟ್ ಇರುವ ಕಡೆ 1984ರ ಫ್ಯಾಮಿಲಿ ಕೋರ್ಟ್ಸ್ ಕಾಯ್ದೆಯಂತೆ ಆ ಅಧಿಕಾರ ಅದಕ್ಕಿದೆ. ಅಪ್ಪನ ಕೆಲಸದ ಊರು, ಅಮ್ಮನ ತವರು, ಮದುವೆ ನಡೆದ ಜಾಗ ಇಲ್ಲಿ ಲೆಕ್ಕಕ್ಕಿಲ್ಲ.

ಮೈಸೂರಿನಲ್ಲಿ ಮೂರನೇ ಕ್ಲಾಸು ಓದುವ ಹುಡುಗಿ ಅಂದುಕೊಳ್ಳಿ. ಬೇಸಿಗೆ ರಜೆಗೆಂದು ಅಮ್ಮ ಅವಳನ್ನು ಧಾರವಾಡಕ್ಕೆ ಕರೆದುಕೊಂಡು ಹೋದರು, ವಾಪಸ್ ಬರಲೇ ಇಲ್ಲ. ಮೇ ಕೊನೆಗೆ ಧಾರವಾಡದಲ್ಲೇ ಅರ್ಜಿ ಹಾಕಿದರು. ‘ಮಗು ಈಗ ಇಲ್ಲೇ ಇದೆಯಲ್ಲ’ ಅನ್ನುವ ವಾದ ನಿಲ್ಲುವುದು ಕಷ್ಟ. ಅದನ್ನು ಒಪ್ಪಿದರೆ ಮಗುವನ್ನು ಮೊದಲು ಎತ್ತಿಕೊಂಡು ಹೋದವರೇ ಕೋರ್ಟನ್ನೂ ಆರಿಸಿಕೊಂಡ ಹಾಗಾಗುತ್ತದೆ, ಅಲ್ವಾ? ಅದೇ ಅಪ್ಪನೂ ಒಪ್ಪಿ, ಟಿ.ಸಿ. ತಂದು ಅಲ್ಲಿನ ಶಾಲೆಗೆ ಸೇರಿಸಿ, ಒಂದೂವರೆ ವರ್ಷ ಕಳೆದಿದ್ದರೆ ಉತ್ತರ ಬೇರೆ.

ಹಾಗಾದರೆ ಎಷ್ಟು ದಿನ ಇರಬೇಕು? ನಮ್ಮ ಕಾಯ್ದೆಯಲ್ಲಿ ಅಂಕಿ ಇಲ್ಲ. ಅಮೆರಿಕದ ರಾಜ್ಯಗಳಲ್ಲಿ ಸಾಮಾನ್ಯವಾಗಿ ಆರು ತಿಂಗಳ ನಿಯಮವಿದೆ, ಅದನ್ನು ಇಲ್ಲಿಗೆ ಎಳೆದು ತರಬೇಡಿ.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ಓದಿ. ಎರಡರಲ್ಲೂ ಅಮೆರಿಕದಿಂದ ಅಮ್ಮನ ಜೊತೆ ಬಂದ ಮಕ್ಕಳು. 2011ರ ಕೇಸಿನಲ್ಲಿ ಮಗು ದೆಹಲಿಯ ಶಾಲೆಗೆ ಸೇರಿತ್ತು. ಮಗು ಇಲ್ಲೇ ಇರಲಿ ಎಂದು ತಾನು ಬರೆದುಕೊಟ್ಟಿದ್ದು ಒತ್ತಡದಿಂದ ಎಂದು ಅಪ್ಪ ಹೇಳಿದರೂ ಅವರ ಇಮೇಲ್‌ಗಳು ಬೇರೆ ಕಥೆ ಹೇಳುತ್ತಿದ್ದವು. ದೆಹಲಿ ಕೋರ್ಟಿಗೆ ಅಧಿಕಾರವಿದೆ ಎಂದಿತು ಸುಪ್ರೀಂ ಕೋರ್ಟ್. 2019ರ ಕೇಸಿನಲ್ಲಿ ಮಕ್ಕಳು ರಿಟರ್ನ್ ಟಿಕೆಟ್ ಹಿಡಿದು ಬಂದವರು. ಬಂದ ಕೆಲವೇ ವಾರಗಳಲ್ಲಿ ಅಮ್ಮ ಹೈದರಾಬಾದಿನಲ್ಲಿ ಅರ್ಜಿ ಹಾಕಿದ್ದರು, ಅದು ನಿಲ್ಲಲಿಲ್ಲ. ನನಗಂತೂ ಇವೆರಡು ಒಂದಕ್ಕೊಂದು ವಿರುದ್ಧ ಅನ್ನಿಸುವುದಿಲ್ಲ. ಅಳತೆಗೋಲು ಒಂದೇ, ಸಾಕ್ಷ್ಯ ಬೇರೆ. ಹಾಗಾಗಿ ಪರೀಕ್ಷೆಯಲ್ಲಿ ದಿನ ಎಣಿಸುತ್ತಾ ಕೂರುವುದಕ್ಕಿಂತ ಶಾಲೆ, ಟಿಕೆಟ್, ಇಬ್ಬರ ಒಪ್ಪಿಗೆ ಇವನ್ನು ಹುಡುಕಿದರೆ ಜಾಸ್ತಿ ಅಂಕ.

ಎಡವುವ ಜಾಗ ಇನ್ನೊಂದಿದೆ. ಅರ್ಜಿ ಯಾವ ಕಾಯ್ದೆಯಡಿ ಬಂದಿದೆ ಅಂತ ನೋಡದೆ ಸೆಕ್ಷನ್ 9 ಬರೆದುಬಿಡುತ್ತೇವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ತಾತ್ಕಾಲಿಕ ಕಸ್ಟಡಿ ಕೊಡಬಹುದು. ಅಲ್ಲಿ ನೊಂದ ಹೆಂಗಸು ತಾತ್ಕಾಲಿಕವಾಗಿ ವಾಸವಿರುವ ಊರೂ ಸಾಕು. ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನದ ಕೇಸು ನಡೆಯುತ್ತಿದ್ದರೆ ಸೆಕ್ಷನ್ 26ರಂತೆ ಅದೇ ಕೋರ್ಟ್ ಮಗುವಿನ ಬಗ್ಗೆಯೂ ಆದೇಶ ಮಾಡಬಹುದು.

ಸರಿಯಾದ ಕೋರ್ಟಿನಲ್ಲಿ ಕೇಸು ಶುರುವಾದ ಮೇಲೆ ಯಾರಾದರೂ ಊರು ಬಿಟ್ಟರೆ? ಸುಮ್ನೆ ಅಷ್ಟಕ್ಕೇ ಕೋರ್ಟಿನ ಅಧಿಕಾರ ಹೋಗುವುದಿಲ್ಲ. ಓಡಾಟ ಕಷ್ಟವಾದರೆ ವರ್ಗಾವಣೆ ಕೇಳಬೇಕು. ರಾಜ್ಯದೊಳಗಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 24ರಡಿ ಹೈಕೋರ್ಟಿಗೆ, ಬೇರೆ ರಾಜ್ಯಕ್ಕಾದರೆ ಸೆಕ್ಷನ್ 25ರಡಿ ಸುಪ್ರೀಂ ಕೋರ್ಟಿಗೆ.