ಫ್ಲಾಸ್ಕಿನ ಕಾಫಿ, ಬುಡದ ಹುಳುಕು

ಮಳೆಗಾಲ ಮುಗಿದು ಕಾಫಿ ಕೊಯ್ಲು ಶುರುವಾಗುವ ಮುಂಚೆ ನನ್ನಲ್ಲಿಗೆ ಒಂದೇ ಬಗೆಯ ಬಾಯಿಗಳು ಬರುತ್ತವೆ. ಹಲ್ಲಿನ ತಲೆ ಗಟ್ಟಿಯಾಗಿಯೇ ಇರುತ್ತದೆ. ಬುಡದಲ್ಲಿ, ವಸಡಿಗೆ ತಾಗಿದಂತೆ, ಒಂದು ಕಂದು ಗೆರೆ. ಸಲಾಕೆಯ ತುದಿ ಇಟ್ಟರೆ ನೆನೆದ ಮರದ ಹಾಗೆ ಮೆತ್ತಗೆ. "ದಿನಕ್ಕೆ ಎಷ್ಟು ಸಲ ಕಾಫಿ?" ಎಂದು ಕೇಳಿದರೆ, "ಸಕ್ಕರೆ ಮುಟ್ಟುವುದೇ ಇಲ್ಲ ಡಾಕ್ಟರೇ, ಬೆಲ್ಲ ಮಾತ್ರ" ಎನ್ನುತ್ತಾರೆ. ನಾನು ಕೇಳಿದ್ದು ಎಷ್ಟು ಸಲ ಎಂದು!

ವಿರಾಜಪೇಟೆ ಕಡೆಯ ತೋಟವೊಂದರ ರೈಟರು ಕಳೆದ ವರ್ಷ ಬಂದಿದ್ದರು. ಬೆಳಿಗ್ಗೆ ಏಳಕ್ಕೆ ಫ್ಲಾಸ್ಕ್ ತುಂಬ ಬೆಲ್ಲದ ಕಾಫಿ. ಜೀಪಿನಲ್ಲಿ ಒಂದು ಗುಟುಕು, ಆಳುಗಳ ಹಾಜರಿ ಬರೆಯುವಾಗ ಒಂದು, ಮಳೆ ಜೋರಾದರೆ ಶೆಡ್ಡಿನಲ್ಲಿ ನಿಂತು ಇನ್ನೊಂದು. ಸಂಜೆ ನಾಲ್ಕಕ್ಕೆ ಫ್ಲಾಸ್ಕ್ ಖಾಲಿ. "ಒಟ್ಟು ಮೂರೇ ಲೋಟ" ಎಂದು ವಾದಿಸಿದರು. ಲೆಕ್ಕ ಬರೆಯುವವರಿಗೆ ಲೆಕ್ಕ ಹೇಳಿಕೊಡುವುದು ಕಷ್ಟ.

ಬಾಯಿಯ ಬ್ಯಾಕ್ಟೀರಿಯಾಗಳಿಗೆ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ, ನಮ್ಮ ಕಾಡಿನ ಜೇನೂ ಒಂದೇ. ಸಿಹಿ ಸಿಕ್ಕ ಕೆಲವೇ ನಿಮಿಷಗಳಲ್ಲಿ ಅವು ಆಮ್ಲ ಮಾಡುತ್ತವೆ. ಆಮ್ಲ ಹೆಚ್ಚಿದಷ್ಟೂ ಪಿಎಚ್ ಅಂಕಿ ಇಳಿಯುತ್ತದೆ; ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಮೇಲಿನ ಗಟ್ಟಿ ಪದರವಾದ ಎನಾಮಲ್ ಕರಗತೊಡಗುತ್ತದೆ. ವಸಡು ಸರಿದು ಬಯಲಾದ ಬೇರಿಗೆ ಅಷ್ಟು ಆಮ್ಲವೂ ಬೇಡ. ಜೊಲ್ಲು ಅದನ್ನು ತೊಳೆದು ಮೊದಲಿನ ಸ್ಥಿತಿಗೆ ತರಲು ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಮೂರು ಲೋಟವನ್ನು ಮೂರು ಸಲ ಕುಡಿದರೆ ಜೊಲ್ಲಿಗೆ ನಡುವೆ ಬಿಡುವು ಸಿಗುತ್ತದೆ. ಅದನ್ನೇ ಮೂವತ್ತು ಗುಟುಕು ಮಾಡಿದರೆ ಹಲ್ಲು ಇಡೀ ದಿನ ಆಮ್ಲದಲ್ಲೇ ನೆನೆಯುತ್ತಿರುತ್ತದೆ.

ಇದು ನನ್ನ ಹಟವಲ್ಲ. ಸ್ವೀಡನ್ನಿನ ವೀಪೆಹೋಲ್ಮ್ ಆಸ್ಪತ್ರೆಯಲ್ಲಿ 1945ರಿಂದ ಕೆಲವು ವರ್ಷ ನಡೆದ ಪ್ರಯೋಗದಲ್ಲಿ ಊಟದ ಜೊತೆ ಸಿಹಿ ತಿಂದವರಿಗಿಂತ, ಊಟಗಳ ನಡುವೆ ಅಂಟು ಟಾಫಿ ತಿಂದವರ ಹಲ್ಲು ಬಹಳ ಹೆಚ್ಚು ಕೆಟ್ಟಿತು. ಅದನ್ನು ಮಾಡಿದ್ದು ಬೇಡವೆಂದು ಹೇಳಲಾರದ ಬುದ್ಧಿಮಾಂದ್ಯರ ಮೇಲೆ ಎಂಬುದು ನೆನೆದಾಗಲೆಲ್ಲ ಹೇಸಿಗೆಯಾಗುತ್ತದೆ. ಆದರೆ ಕಂಡ ಸತ್ಯ ಕಂಡದ್ದೇ.

ಆದ್ದರಿಂದ ಕೊಡವರ ಕಕ್ಕಡ ತಿಂಗಳ 18ರಂದು ಮದ್ದು ಸೊಪ್ಪಿನ ಪಾಯಸವನ್ನು ಬಟ್ಟಲು ತುಂಬ ತಿನ್ನಿ. ಮರುದಿನ ಮೂತ್ರ ಕೆಂಪಾದರೂ ಹಲ್ಲಿಗೇನೂ ಆಗದು. ನಾನೂ ತಿನ್ನುತ್ತೇನೆ, ಎರಡನೇ ಸಲವೂ ಬಡಿಸಿಕೊಳ್ಳುತ್ತೇನೆ. ನನಗೆ ಭಯವಿರುವುದು ಜೇಬಿನಲ್ಲಿಟ್ಟುಕೊಂಡು ದಿನವಿಡೀ ಚೀಪುವ ಪೆಪ್ಪರ್‌ಮೆಂಟಿನದು, ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಮಗುವಿನದು. ನಿದ್ದೆಯಲ್ಲಿ ಜೊಲ್ಲು ಕಡಿಮೆ.

ಎಲ್ಲ ಬುಡದ ಹುಳುಕಿಗೂ ಕಾಫಿಯೇ ಕಾರಣ ಎನ್ನಲಾರೆ. ಬಿಪಿಯ ಕೆಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ಹಾಗೆಂದು ಮಾತ್ರೆ ನಿಲ್ಲಿಸಬೇಡಿ. ಚೀಟಿ ತಂದು ತೋರಿಸಿ. ಬಾಯಿ ನೋಡದೆ ನಾನು ಏನನ್ನೂ ಖಚಿತವಾಗಿ ಹೇಳುವುದಿಲ್ಲ.

ರೈಟರಿಗೆ ನಾಲ್ಕು ಹಲ್ಲು ತುಂಬಿ, ಒಂದಕ್ಕೆ ಬೇರು ಚಿಕಿತ್ಸೆ ಮಾಡಿದೆ. ಬೆಲ್ಲ ಬಿಡಿ ಎನ್ನಲಿಲ್ಲ, ಎಂದರೂ ಬಿಡುವವರಲ್ಲ. ತಿಂಡಿಯ ಜೊತೆ ಒಂದು ಲೋಟ, ಸಂಜೆ ಒಂದು, ಕೂತು ಕುಡಿದು ಮುಗಿಸಿ, ಬಾಯಿ ಮುಕ್ಕಳಿಸಿ ಎಂದೆ. ಆರು ತಿಂಗಳ ನಂತರ ಬಂದಾಗ ಹೊಸ ಗೆರೆ ಇರಲಿಲ್ಲ.

"ಫ್ಲಾಸ್ಕ್ ಏನು ಮಾಡಿದಿರಿ ರೈಟರೇ?"

"ಮೇಸ್ತ್ರಿಗೆ ಕೊಟ್ಟೆ. ಪಾಪ, ದಿನವಿಡೀ ಚಳಿಯಲ್ಲಿ ನಿಲ್ಲುತ್ತಾನೆ."

ಮುಂದಿನ ವಾರ ಅವನನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.